ತೂಗುವವರ ಧರ್ಮ

ವ್ಯಾಪಾರವಿರುವಲ್ಲಿ ತಕ್ಕಡಿಯಿರುತ್ತದೆ, ತಕ್ಕಡಿಯಿರುವಲ್ಲಿ ಅದನ್ನು ಹಿಡಿಯುವ ಕೈಯೊಂದಿರುತ್ತದೆ. ಬೆಳೆದವನ ಶ್ರಮ, ಕೊಳ್ಳುವವನ ನಂಬಿಕೆ, ಅಂಗಡಿಯ ಹೆಸರು ಇವೆಲ್ಲವೂ ಕೊನೆಗೆ ಆ ಕೈಯ ಪ್ರಾಮಾಣಿಕತೆಯನ್ನೇ ಆಶ್ರಯಿಸಿರುತ್ತವೆ. ಕೃಷಿ ಉತ್ಪನ್ನ ಮಾರುಕಟ್ಟೆಗಳಲ್ಲಿ ಅಡತಿ ಅಂಗಡಿಯವನಿಗೂ ಖರೀದಿದಾರನಿಗೂ ಇರುವಂತೆ ತೂಕ ಮಾಡುವವನಿಗೂ ಪ್ರತ್ಯೇಕ ಲೈಸೆನ್ಸ್ ಇರಬೇಕೆಂಬ ಕ್ರಮ ಬಂದುದರ ಹಿಂದಿನ ವಿವೇಕ ಸರಳವಾದುದು. ಕೊಳ್ಳುವವನೇ ತೂಗಿದರೆ ತೂಕ ಕಡಿಮೆಯಾಗಬಹುದು; ಮಾರುವವನೇ ತೂಗಿದರೆ ಹೆಚ್ಚಾಗಬಹುದು. ಮನುಷ್ಯ ಕೆಟ್ಟವನೆಂದಲ್ಲ, ಲಾಭದ ಸಮೀಪದಲ್ಲಿ ನಿಂತ ಕೈ ತಾನರಿಯದೆಯೇ ಬಾಗುತ್ತದೆಯೆಂದು.

ಕಳೆದ ಒಂದೆರಡು ದಶಕಗಳಲ್ಲಿ ಮತ್ತೊಂದು ಬಗೆಯ ಮಾರುಕಟ್ಟೆ ಬೆಳೆದಿದೆ. ಅಲ್ಲಿ ಜೋಳ, ಹತ್ತಿ, ಕಡಲೆಗಳ ಬದಲು ಮಾತು, ಚಿತ್ರ, ಹಾಡು, ಕೈಕೆಲಸಗಳು ತೂಗಲ್ಪಡುತ್ತವೆ. ಒಬ್ಬರು ಬರೆದುದನ್ನು ಅಥವಾ ಚಿತ್ರೀಕರಿಸಿದುದನ್ನು ಸಾವಿರಾರು ಅಪರಿಚಿತರು ಬೆರಳ ತುದಿಯಿಂದ ಅಳೆಯುತ್ತಾರೆ. ಮೆಚ್ಚುಗೆ ಹಣವಾಗುತ್ತದೆ, ದೂರು ಆ ಹಣವನ್ನು ನಿಲ್ಲಿಸುತ್ತದೆ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಪಡೆಯಲು ಸಾಮಾನ್ಯವಾಗಿ ಒಂದು ಸಾವಿರ ಚಂದಾದಾರರೂ ಹನ್ನೆರಡು ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆಯೂ ಇರಬೇಕೆಂಬ ನಿಯಮ 2018ರಿಂದ ಇದೆ. ಟ್ವಿಟರ್ ಎಂದು ಪ್ರಸಿದ್ಧವಾಗಿದ್ದ ಎಕ್ಸ್ ಜಾಲತಾಣ 2023ರಲ್ಲಿ ಬರೆಯುವವರಿಗೆ ಆದಾಯದ ಪಾಲು ಕೊಡತೊಡಗಿತು. ಹೀಗೆ ಪ್ರತಿಫಲ ಕೊಡುವ ಜಾಲತಾಣಗಳಲ್ಲಿ ಯಾವುದು ಉಳಿಯಬೇಕು, ಯಾವುದು ಮರೆಯಾಗಬೇಕು ಎಂಬುದನ್ನು ಬಳಕೆದಾರರ ಸಮುದಾಯವೇ ಬಹುಮಟ್ಟಿಗೆ ಸೂಚಿಸುತ್ತದೆ. ಈ ಕಾರ್ಯಕ್ಕೆ ಮಾಡರೇಶನ್ ಎಂದು ಹೆಸರು. ಕನ್ನಡದಲ್ಲಿ ಸಮುದಾಯ ನಿಯಮನ ಎನ್ನಬಹುದು.

ಇದು ದೂರದ ನಗರಗಳ ಸಂಗತಿಯೆಂದು ಭಾವಿಸುವಂತಿಲ್ಲ. ಇಳಕಲ್ಲಿನ ಒಂದು ನೇಕಾರ ಮನೆತನವನ್ನು ಕಲ್ಪಿಸಿಕೊಳ್ಳಬಹುದು. ಸೀರೆಯ ಒಡಲಿನ ಹಾಸಿಗೂ ಸೆರಗಿನ ರೇಷ್ಮೆಯ ಹಾಸಿಗೂ ಎಳೆಯೆಳೆಯಾಗಿ ಕೊಂಡಿ ಹಾಕಿ ಜೋಡಿಸುವುದು ಆ ಊರಿನ ನೇಯ್ಗೆಯ ವಿಶೇಷ. ಮನೆಯ ಮಗಳು ತಾಯಿಯ ಕೈಕೆಲಸವನ್ನು ಚಿತ್ರೀಕರಿಸಿ, ಕೈಮಗ್ಗದ ಸೀರೆಯನ್ನು ಗುರುತಿಸುವ ಬಗೆಯನ್ನು ತೋರಿಸುತ್ತಾಳೆ. ನೋಡುವವರು ಹೆಚ್ಚಿ, ತಿಂಗಳಿಗೆ ನಾಲ್ಕು ಕಾಸು ಬರತೊಡಗುತ್ತದೆ. ಸೀರೆಗೂ ಬೇಡಿಕೆ ಬರುತ್ತದೆ. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಮಾರುವ ಯಾರಿಗೋ ಇದು ಸಹಿಸದು. ಹತ್ತಾರು ಖಾತೆಗಳಿಂದ ಒಂದೇ ದಿನ ದೂರು ಹೋಗುತ್ತದೆ. ಚಿತ್ರ ಮಾಯವಾಗುತ್ತದೆ, ಹಣ ನಿಲ್ಲುತ್ತದೆ. ಕಾರಣ ಕೇಳಿದರೆ ನಿಯಮೋಲ್ಲಂಘನೆ ಎಂಬ ಒಂದೇ ಪದದ ಉತ್ತರ ಬರುತ್ತದೆ. ಯಾವ ನಿಯಮ, ಯಾರು ಹೇಳಿದರು, ಯಾರಲ್ಲಿ ಅಹವಾಲು ಹೇಳಿಕೊಳ್ಳಬೇಕು ಎಂಬುದೊಂದೂ ಅವಳಿಗೆ ತಿಳಿಯದು. ಇಲ್ಲಿ ಅನ್ಯಾಯವಾದದ್ದು ಒಂದು ಚಿತ್ರಕ್ಕಲ್ಲ, ಒಂದು ಮನೆಯ ಅನ್ನಕ್ಕೆ.

ಇದರ ಇನ್ನೊಂದು ಮುಖವೂ ಅಷ್ಟೇ ನಿಜ. ಸುಳ್ಳು ಔಷಧವನ್ನು ಹೊಗಳುವವನು, ಬೇರೆಯವರ ಬರಹವನ್ನು ತನ್ನದೆಂದು ಹಾಕುವವನು, ಒಂದು ಜಾತಿಯನ್ನೋ ಧರ್ಮವನ್ನೋ ಹೀಯಾಳಿಸಿ ಜನ ಸೇರಿಸುವವನು ಇದೇ ಮಾರುಕಟ್ಟೆಯಲ್ಲಿ ಪ್ರತಿಫಲ ಪಡೆಯುತ್ತಾನೆ. ಆದುದರಿಂದ ನಿಯಮನವೇ ಬೇಡವೆಂಬುದು ಪರಿಹಾರವಾಗಲಾರದು. ನಿಯಮನ ಮಾಡುವ ಕೈ ನ್ಯಾಯವಾಗಿರುವಂತೆ ಮಾಡುವುದು ಹೇಗೆ ಎಂಬುದೇ ವಿಚಾರಣೀಯ.

ಮತವೇ ಹಣವಾದಾಗ ಏನಾಗುತ್ತದೆಂಬುದಕ್ಕೆ ಸ್ಟೀಮ್ ಎಂಬ ವ್ಯವಸ್ಥೆಯ ಇತಿಹಾಸ ಸ್ಪಷ್ಟವಾದ ನಿದರ್ಶನ. 2016ರ ಮಾರ್ಚಿನಲ್ಲಿ ಆರಂಭವಾದ ಈ ಜಾಲದಲ್ಲಿ ಪ್ರತಿದಿನ ಹೊಸದಾಗಿ ಸೃಷ್ಟಿಯಾಗುವ ಡಿಜಿಟಲ್ ನಾಣ್ಯಗಳ ಒಂದು ಸಾಮೂಹಿಕ ನಿಧಿಯಿತ್ತು. ಬಳಕೆದಾರರ ಮತಗಳಿಗೆ ಅನುಸಾರವಾಗಿ ಆ ನಿಧಿ ಬರಹಗಾರರಿಗೆ ಹಂಚಿಕೆಯಾಗುತ್ತಿತ್ತು. ಒಳ್ಳೆಯದನ್ನು ಗುರುತಿಸಿ ಮತ ಕೊಟ್ಟವರಿಗೂ ಅದರಲ್ಲಿ ಪಾಲಿತ್ತು. 2019ರ ಆಗಸ್ಟಿನಲ್ಲಿ ಆದ ಬದಲಾವಣೆಯಿಂದ ಆ ಪಾಲು ಅರ್ಧದಷ್ಟಾಯಿತು. ಆದರೆ ಎಲ್ಲರ ಮತಕ್ಕೂ ಒಂದೇ ತೂಕವಿರಲಿಲ್ಲ. ಯಾರ ಬಳಿ ಹೆಚ್ಚು ನಾಣ್ಯ ಹೂಡಿಕೆಯಲ್ಲಿತ್ತೋ ಅವರ ಮತಕ್ಕೆ ಹೆಚ್ಚು ತೂಕ. ವಿರುದ್ಧ ಮತ ಬಿದ್ದಾಗ ಆ ಬರಹದ ಹಣ ಇಳಿದು ನಿಧಿಗೆ ಹಿಂತಿರುಗುತ್ತಿತ್ತು. ಅದೇ ನಿಧಿಯಿಂದ ಉಳಿದವರ ಬರಹಗಳಿಗೆ ಹಣ ಹೋಗುತ್ತಿತ್ತು.

ಈ ರಚನೆಯಲ್ಲಿ ಒಂದು ಸೂಕ್ಷ್ಮ ಅಡಗಿದೆ. ವಿರುದ್ಧ ಮತ ಹಾಕುವವನ ಬರಹವೂ ಅದೇ ನಿಧಿಯ ಪಾಲುದಾರ. ಅನ್ಯರ ಪಾಲು ಇಳಿದಷ್ಟೂ ತನ್ನ ಪಾಲಿಗೆ ಅವಕಾಶ ಹೆಚ್ಚು. ಆದ್ದರಿಂದ ಅವನು ಪ್ರಾಮಾಣಿಕವಾಗಿ ಕಳವಿನ ಬರಹವನ್ನು ತಡೆದರೂ ಅದು ಹೊಟ್ಟೆಕಿಚ್ಚೆಂದು ಕಾಣುತ್ತದೆ. ಹೊಟ್ಟೆಕಿಚ್ಚಿನಿಂದ ತಡೆದರೂ ಅವನು ಅದನ್ನು ಕರ್ತವ್ಯವೆಂದು ಹೇಳಿಕೊಳ್ಳಬಲ್ಲ. ಹೊರಗಿನವರಿಗಿರಲಿ, ಎಷ್ಟೋ ಸಲ ಅವನಿಗೇ ತನ್ನ ಉದ್ದೇಶ ತಿಳಿಯುವುದಿಲ್ಲ. ಈ ಸಂಶಯದ ವಾತಾವರಣದಲ್ಲಿ ಅತಿಯಾಗಿ ಪ್ರತಿಫಲ ಪಡೆದ ಬರಹವೆಂಬ ಕಾರಣಕ್ಕೆ ಹಾಕಿದ ವಿರುದ್ಧ ಮತಗಳು, ಅದಕ್ಕೆ ಪ್ರತೀಕಾರವಾಗಿ ಮತ್ತಷ್ಟು ಮತಗಳು ಅಲ್ಲಿ ದೀರ್ಘಕಾಲದ ವೈಮನಸ್ಯಗಳಿಗೆ ಕಾರಣವಾದವು.

ಪರಾಕಾಷ್ಠೆ ಬಂದದ್ದು 2020ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಸ್ಟೀಮನ್ನು ಕಟ್ಟಿದ ಸಂಸ್ಥೆಯನ್ನು ಟ್ರಾನ್ ಜಾಲದ ಸ್ಥಾಪಕ ಜಸ್ಟಿನ್ ಸನ್ ಕೊಂಡರು. ಸಂಸ್ಥೆಯ ಬಳಿಯಿದ್ದ ಅಪಾರ ನಾಣ್ಯಗಳ ಮತಬಲಕ್ಕೆ ಹೆದರಿ, ಜಾಲವನ್ನು ನಡೆಸುತ್ತಿದ್ದ ಚುನಾಯಿತ ಪ್ರತಿನಿಧಿಗಳು ಅವುಗಳ ಬಳಕೆಗೆ ತಡೆಯೊಡ್ಡಿದರು. ಮಾರ್ಚಿನ ಆರಂಭದಲ್ಲಿ ಕೆಲವು ವಿನಿಮಯ ಕೇಂದ್ರಗಳಲ್ಲಿ ಗ್ರಾಹಕರು ಇರಿಸಿದ್ದ ನಾಣ್ಯಗಳ ಮತಬಲವನ್ನೂ ಸೇರಿಸಿ ಆ ಪ್ರತಿನಿಧಿಗಳನ್ನು ಕೆಳಗಿಳಿಸಲಾಯಿತು. ಮಾರ್ಚ್ 20ರಂದು ಸಮುದಾಯದ ಒಂದು ದೊಡ್ಡ ಭಾಗ ಹೈವ್ ಎಂಬ ಬೇರೆ ಜಾಲವನ್ನು ಕಟ್ಟಿಕೊಂಡು ಹೊರಬಂದಿತು. ಹಳೆಯ ಜಾಲದ ಸದಸ್ಯರಿಗೆ ಹೊಸ ಜಾಲದಲ್ಲಿ ಅಷ್ಟೇ ನಾಣ್ಯಗಳನ್ನು ಕೊಡುವಾಗ ಎದುರು ಪಕ್ಷವನ್ನು ಬೆಂಬಲಿಸಿದ ಕೆಲವು ಖಾತೆಗಳನ್ನು ಹೊರಗಿಡಲಾಯಿತು. ಮೇ ತಿಂಗಳಲ್ಲಿ ಹಳೆಯ ಜಾಲ ತನ್ನ ಸರದಿಯಲ್ಲಿ 64 ಖಾತೆಗಳಿಂದ ಸುಮಾರು 2.36 ಕೋಟಿ ನಾಣ್ಯಗಳನ್ನು ವಶಪಡಿಸಿಕೊಂಡಿತು. ಯಾರ ಪಕ್ಷ ಸರಿಯೆಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಒಂದು ಸಂಗತಿ ನಿಸ್ಸಂದೇಹ: ವಾದಿಯೂ ನ್ಯಾಯಾಧೀಶನೂ ಒಬ್ಬನೇ ಆದಾಗ, ತನ್ನನ್ನು ನ್ಯಾಯವಂತನೆಂದು ನಂಬಿದ ಪಕ್ಷವೂ ಎದುರಾಳಿಯ ದಾರಿಯನ್ನೇ ಹಿಡಿಯುತ್ತದೆ.

ಹಣವೂ ಸಮುದಾಯದ ಕಟ್ಟಳೆಯೂ ಒಂದೆಡೆ ಕೂಡಿದ್ದು ಈ ಕಾಲದಲ್ಲಿಯೇ ಮೊದಲಲ್ಲ. ಹುನಗುಂದ ತಾಲೂಕಿನ ಐಹೊಳೆ, ಅಂದಿನ ಅಯ್ಯಾವೊಳೆ, ಮಧ್ಯಯುಗದ ದಕ್ಷಿಣ ಭಾರತದ ಬಹುದೊಡ್ಡ ವಣಿಕ್ ಸಂಘಕ್ಕೆ ಹೆಸರು ಕೊಟ್ಟ ಊರು. ಅಯ್ಯಾವೊಳೆಯ ಐನೂರ್ವರು ಎಂಬ ಈ ಸಂಘದ ಶಾಸನಗಳು ಕನ್ನಡ, ತೆಲುಗು, ತಮಿಳು ನಾಡುಗಳಲ್ಲಿಯೂ ಶ್ರೀಲಂಕೆಯಲ್ಲಿಯೂ ದೊರೆತಿವೆ. ಸುಮಾತ್ರಾ ದ್ವೀಪದ ಬಾರುಸ್ ಬಳಿ ಸಿಕ್ಕಿರುವ ಕ್ರಿ.ಶ. 1088ರ ತಮಿಳು ಶಾಸನವೂ ಐನೂರ್ವರಿಗೆ ಸೇರಿದ್ದು. ಇವರಲ್ಲಿ ನಾನಾ ದೇಶದವರಿದ್ದರು, ನಾನಾ ಮತದವರಿದ್ದರು. ಜೈನ ಸೆಟ್ಟಿಗಳೂ ಇದ್ದರು. ಒಬ್ಬ ಅರಸನ ಆಜ್ಞೆ ಇಷ್ಟು ದೂರಕ್ಕೆ ನಡೆಯುವುದು ಸಾಧ್ಯವಿರಲಿಲ್ಲ. ತಮ್ಮ ವ್ಯವಹಾರವನ್ನು ಬಣಂಜು ಧರ್ಮವೆಂದು ಕರೆದು, ಅದನ್ನು ಕಾಯುವವರೆಂದೂ ಐನೂರು ವೀರಶಾಸನಗಳನ್ನು ಪಡೆದವರೆಂದೂ ಅವರು ತಮ್ಮ ಪ್ರಶಸ್ತಿಗಳಲ್ಲಿ ಹೇಳಿಕೊಂಡರು.

ಈ ಸಂಘಗಳ ನಡೆಯಲ್ಲಿ ಇಂದಿನವರಿಗೆ ಉಪಯುಕ್ತವಾದ ಒಂದಂಶವಿದೆ. ಬೆಳಗಾವಿಯ 1204ರ ಶಾಸನಗಳನ್ನು ಗಮನಿಸಬಹುದು. ರಟ್ಟ ವಂಶದ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ರಟ್ಟ ಜಿನಾಲಯಕ್ಕೆ ದತ್ತಿ ಬಿಟ್ಟ ಸಂದರ್ಭದಲ್ಲಿ ಊರೂರುಗಳ ವರ್ತಕರು ಕೂಡಿ, ಯಾವ ಸರಕಿನ ಮೇಲೆ ಎಷ್ಟು ಸಲ್ಲಬೇಕೆಂಬುದನ್ನು ನಿಶ್ಚಯಿಸಿ ಕಲ್ಲಿನಲ್ಲಿ ಕೆತ್ತಿಸಿದರು. ನಿಯಮ ಮೊದಲೇ ಇದೆ, ಎಲ್ಲರಿಗೂ ಕಾಣುವಂತಿದೆ, ಅದನ್ನು ಪಾಲಿಸಬೇಕಾದವರೇ ಕೂಡಿ ಒಪ್ಪಿದ್ದಾರೆ, ಪ್ರಮಾಣ ನಿಗದಿಯಾಗಿದೆ. ಸಂತೆಗೆ ಬಂದ ಪರದೇಶಿ ವರ್ತಕನಿಗೂ ತಾನು ಏನು ಕೊಡಬೇಕೆಂಬುದು ಮುಂಚಿತವಾಗಿ ತಿಳಿಯುವಂತಿತ್ತು. ಹಾಗೆಂದು ಆ ಸಂಘಗಳನ್ನು ಆದರ್ಶವೆಂದು ಸಾರುವುದು ಸಲ್ಲ. ಅವರ ಜೊತೆ ಆಯುಧಧಾರಿಗಳಿದ್ದರು. ಅವರ ಮಾತಿನ ಹಿಂದೆ ಹಣದ ಬಲವಿತ್ತು. ಸರಕನ್ನು ಬೆಳೆದವನಿಗೂ ಹೊತ್ತವನಿಗೂ ಸಭೆಯಲ್ಲಿ ಎಷ್ಟರ ಸ್ಥಾನವಿತ್ತೆಂಬುದು ಪ್ರಶ್ನೆಯೇ. ಆದರೂ ಕಟ್ಟಳೆಯನ್ನು ಬಯಲಿನಲ್ಲಿ ನಿಲ್ಲಿಸಿದ ಅವರ ಕ್ರಮ ಇಂದಿನ ಎಷ್ಟೋ ಜಾಲತಾಣಗಳ ಗುಪ್ತ ಕ್ರಮಕ್ಕಿಂತ ಮೇಲಾದುದು.

ನಿಯಮ ಬಯಲಿನಲ್ಲಿದ್ದ ಮಾತ್ರಕ್ಕೆ ಕೈ ಶುದ್ಧವಾಗದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥನ ವ್ರತಗಳಿಗೆ ಒದಗುವ ಅತಿಚಾರಗಳ ಪಟ್ಟಿಯಿದೆ. ಅದು ವ್ಯಾಪಾರಿಗಳ ನಡುವೆ ಬಾಳಿದ ಸಮಾಜದ ಅನುಭವದಿಂದ ಬಂದಂತೆ ತೋರುತ್ತದೆ. ಅಚೌರ್ಯ ವ್ರತದ ಅತಿಚಾರಗಳಲ್ಲಿ ಒಂದು ಹೀನಾಧಿಕ ಮಾನೋನ್ಮಾನ. ಎಂದರೆ ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಮತ್ತೊಂದು. ತನ್ನ ಗೆಳೆಯನ ತಪ್ಪಿಗೆ ಒಂದು ನಿಯಮ, ಎದುರಾಳಿಯ ತಪ್ಪಿಗೆ ಮತ್ತೊಂದು ಎಂದು ನಡೆಯುವ ಮಾಡರೇಟರು ಮಾಡುವುದು ಇದನ್ನೇ. ಮತ್ತೊಂದು ಪ್ರತಿರೂಪಕ ವ್ಯವಹಾರ. ನಿಜದಂತೆ ತೋರುವ ನಕಲಿಯನ್ನು ನಡೆಸುವುದು. ಒಬ್ಬನೇ ಇಪ್ಪತ್ತು ನಕಲಿ ಖಾತೆ ತೆರೆದು ಇಪ್ಪತ್ತು ಜನರ ಅಭಿಪ್ರಾಯದಂತೆ ತೋರಿಸುವುದು ಬೇರೇನು? ಕಳ್ಳತನಕ್ಕೆ ಪ್ರೇರಣೆ ಕೊಡುವುದೂ ಕದ್ದುದನ್ನು ಕೊಳ್ಳುವುದೂ ಅದೇ ಪಟ್ಟಿಯಲ್ಲಿವೆ. ಕದ್ದ ಬರಹವೆಂದು ತಿಳಿದೂ ಪಾಲಿನಾಸೆಯಿಂದ ಮತ ಹಾಕುವವನು ಅದರಿಂದ ತಪ್ಪಿಸಿಕೊಳ್ಳಲಾರ. ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ, ಮತ್ತು ನ್ಯಾಸಾಪಹಾರ, ಅಂದರೆ ನಂಬಿ ಇಟ್ಟ ಒತ್ತೆಯ ವಿಷಯದಲ್ಲಿ ವಂಚನೆ ಇವೆ. ಮೇಲೆ ಹೇಳಿದ ವಿನಿಮಯ ಕೇಂದ್ರಗಳ ಪ್ರಸಂಗವನ್ನು ನ್ಯಾಸವೆಂಬ ಪದದ ಬೆಳಕಿನಲ್ಲಿ ಓದಿದರೆ ಪರರ ನಂಬಿಕೆಯ ಸೊತ್ತನ್ನು ತನ್ನ ಮತವಾಗಿ ಬಳಸುವುದರ ದೋಷ ತಾನೇ ಹೊಳೆಯುತ್ತದೆ.

ಶಿಕ್ಷೆಯ ಪ್ರಮಾಣವೂ ಅಷ್ಟೇ ಮುಖ್ಯ. ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯ ಪ್ರಾಯಶ್ಚಿತ್ತವನ್ನು ಒಂಬತ್ತು ಬಗೆಯಾಗಿ ಹೇಳುತ್ತದೆ: ಆಲೋಚನೆ, ಪ್ರತಿಕ್ರಮಣ, ಅವೆರಡೂ ಕೂಡಿದ್ದು, ವಿವೇಕ, ವ್ಯುತ್ಸರ್ಗ, ತಪ, ಛೇದ, ಪರಿಹಾರ, ಉಪಸ್ಥಾಪನೆ. ಇವು ಮುನಿಗಳ ಸಾಧನೆಗೆ ಸಂಬಂಧಿಸಿದವು. ಲೌಕಿಕ ವ್ಯವಹಾರಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೆ ಅವುಗಳ ಕ್ರಮ ಚಿಂತನೀಯ. ತಪ್ಪನ್ನು ಗುರುವಿನ ಮುಂದೆ ಹೇಳಿಕೊಳ್ಳುವುದರಿಂದ ಆರಂಭವಾಗಿ, ದೀಕ್ಷೆಯ ಅವಧಿಯನ್ನು ಕಡಿತಗೊಳಿಸುವುದು, ಕೆಲಕಾಲ ಸಂಘದಿಂದ ದೂರವಿಡುವುದು ಎಂಬಲ್ಲಿಗೆ ಬರುತ್ತದೆ. ಕೊನೆಯ ಪದವೋ ಮತ್ತೆ ಸ್ಥಾಪಿಸುವುದು. ಹೊರಗೆ ಹಾಕುವುದರಲ್ಲಿ ಪಟ್ಟಿ ಮುಗಿಯುವುದಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣಗಳನ್ನು ಎಣಿಸಿರುವುದರ ಭಾವವೂ ಇದೇ: ಎಡವಿದವನ ದೋಷವನ್ನು ಬೀದಿಯಲ್ಲಿ ಸಾರದಿರುವುದು, ಜಾರಿದವನನ್ನು ದಾರಿಯಲ್ಲಿ ನಿಲ್ಲಿಸುವುದು.

ಯೂಟ್ಯೂಬಿನ ಕ್ರಮದಲ್ಲಿಯೂ ಇಂತಹ ಮೆಟ್ಟಿಲುಗಳಿವೆ. ಸಾಮಾನ್ಯವಾಗಿ ಮೊದಲ ತಪ್ಪಿಗೆ ಎಚ್ಚರಿಕೆ. ಆಮೇಲಿನ ತಪ್ಪಿಗೆ ಒಂದು ವಾರ, ಅದಕ್ಕೂ ಮುಂದಿನದಕ್ಕೆ ಎರಡು ವಾರ ಹೊಸ ಚಿತ್ರ ಹಾಕುವಂತಿಲ್ಲ. 90 ದಿನಗಳಲ್ಲಿ ಮೂರು ತಪ್ಪೆಣಿಕೆಯಾದರೆ ಖಾತೆಯೇ ಹೋಗುತ್ತದೆ. ಮೆಟ್ಟಿಲುಗಳಿರುವುದು ಒಳ್ಳೆಯದೇ. ಆದರೆ ಪ್ರತಿ ಮೆಟ್ಟಿಲಿನಲ್ಲಿ ಕಾರಣವನ್ನು ತಿಳಿಯುವ ಭಾಷೆಯಲ್ಲಿ ಹೇಳಬೇಕು, ಅಹವಾಲನ್ನು ಮನುಷ್ಯರೊಬ್ಬರು ಓದಬೇಕು. ಇಲ್ಲದಿದ್ದರೆ ಮೆಟ್ಟಿಲುಗಳು ಕೆಳಗಿಳಿಸಲು ಮಾತ್ರ ಉಪಯೋಗವಾಗುತ್ತವೆ, ಮೇಲೆ ಬರಲು ಅಲ್ಲ.

ಸತ್ಯ ಯಾವುದೆಂದು ನಿರ್ಣಯಿಸುವಲ್ಲಿ ಎಕ್ಸ್ ಜಾಲತಾಣದ ಒಂದು ಪ್ರಯೋಗ ಕುತೂಹಲಕರವಾಗಿದೆ. 2021ರಲ್ಲಿ ಬರ್ಡ್‌ವಾಚ್ ಎಂಬ ಹೆಸರಿನಿಂದ ತೊಡಗಿ ಈಗ ಕಮ್ಯುನಿಟಿ ನೋಟ್ಸ್ ಎನಿಸಿಕೊಂಡಿರುವ ಈ ಏರ್ಪಾಟಿನಲ್ಲಿ ತಪ್ಪು ಮಾಹಿತಿಯ ಕೆಳಗೆ ಬಳಕೆದಾರರೇ ಟಿಪ್ಪಣಿ ಬರೆಯುತ್ತಾರೆ. ಆದರೆ ಹೆಚ್ಚು ಮತ ಬಿದ್ದ ಮಾತ್ರಕ್ಕೆ ಆ ಟಿಪ್ಪಣಿ ಪ್ರಕಟವಾಗದು. ಹಿಂದಿನ ಅನೇಕ ವಿಷಯಗಳಲ್ಲಿ ಪರಸ್ಪರ ಭಿನ್ನಾಭಿಪ್ರಾಯ ತೋರಿದವರು ಈ ಟಿಪ್ಪಣಿ ಉಪಯುಕ್ತವೆಂದು ಒಪ್ಪಿದಾಗ ಮಾತ್ರ ಅದು ಎಲ್ಲರಿಗೂ ಕಾಣುತ್ತದೆ. ಒಂದೇ ಪಂಗಡದ ಸಾವಿರ ಜನ ಕೂಗಿದರೂ ಅದು ಒಂದು ನಯವಷ್ಟೇ. ಬೇರೆ ಬೇರೆ ನಯಗಳಿಂದ ನೋಡಿದವರಿಗೂ ಕಂಡದ್ದು ಸತ್ಯಕ್ಕೆ ಹೆಚ್ಚು ಸಮೀಪ. ಅನೇಕಾಂತವನ್ನು ಅಂಕಗಣಿತಕ್ಕೆ ಇಳಿಸಲಾಗದು, ನಿಜ. ಆದರೂ ಎಣಿಕೆಗಿಂತ ದೃಷ್ಟಿಭೇದಕ್ಕೆ ಬೆಲೆ ಕೊಟ್ಟ ಈ ಯೋಚನೆ ಬಹುಮತದ ಗದ್ದಲಕ್ಕಿಂತ ವಿವೇಕಯುತವಾದುದು. 2023ರ ಅಕ್ಟೋಬರಿನಲ್ಲಿ, ಹೀಗೆ ತಿದ್ದಲ್ಪಟ್ಟ ಬರಹಕ್ಕೆ ಆದಾಯದ ಪಾಲು ಸಲ್ಲದೆಂದು ಆ ಸಂಸ್ಥೆ ಪ್ರಕಟಿಸಿತು. ಟಿಪ್ಪಣಿ ಬರೆಯುವವನ ಕೈಯಲ್ಲಿ ಆ ಕ್ಷಣದಿಂದ ಪರರ ಹಣವೂ ಬಂದಿತು. ಅವನ ಹೊಣೆಯೂ ಅಷ್ಟೇ ಹೆಚ್ಚಿತು.

ಮೃದುತ್ವವೇ ನ್ಯಾಯವೆಂದು ಇಷ್ಟರಿಂದ ತಿಳಿಯಬಾರದು. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನನ್ನು ಕುರಿತ ಸುಮಾರು ಏಳನೆಯ ಶತಮಾನದ ಕೊನೆಯ ಶಾಸನವಿದೆ. ತ್ರಿಪದಿಯ ಅತಿ ಪ್ರಾಚೀನ ರೂಪವನ್ನುಳಿಸಿಕೊಟ್ಟ ಆ ಶಾಸನ ಅವನನ್ನು ಒಳ್ಳೆಯವರಿಗೆ ಒಳ್ಳೆಯವನೆಂದೂ ಮಧುರವಾಗಿ ನಡೆಯುವವರಿಗೆ ಮಧುರನೆಂದೂ ಪೀಡಿಸುವವರಿಗೆ ಪ್ರಬಲ ವಿರೋಧಿಯೆಂದೂ ಬಣ್ಣಿಸುತ್ತದೆ. ಮಕ್ಕಳನ್ನು ವಂಚಿಸುವವನ, ಹೆಣ್ಣುಮಕ್ಕಳ ಮಾನ ಕಳೆಯುವ ಚಿತ್ರ ಹಂಚುವವನ, ಹಿಂಸೆಗೆ ಜನರನ್ನು ಎಬ್ಬಿಸುವವನ ವಿಷಯದಲ್ಲಿ ತಡಮಾಡುವುದು ದಯೆಯೆನಿಸದು. ನೊಂದವರಿಗೆ ಮಾಡುವ ಎರಡನೆಯ ಅನ್ಯಾಯವೆನಿಸುತ್ತದೆ. ಅಲ್ಲಿ ಮೊದಲು ತಡೆ, ಆಮೇಲೆ ವಿಚಾರಣೆ. ಉಳಿದೆಡೆ ಮೊದಲು ವಿಚಾರಣೆ. ಯಾವುದಕ್ಕೆ ಯಾವುದು ಎಂಬ ಭೇದವನ್ನು ಮುಂಚಿತವಾಗಿ ಬರೆದಿಡುವುದೇ ನಿಯಮನದ ಪ್ರಥಮ ಕರ್ತವ್ಯ.

ಕಾನೂನಿನ ನೆರವೂ ಸ್ವಲ್ಪಮಟ್ಟಿಗೆ ಇದೆ. ಕೇಂದ್ರ ಸರ್ಕಾರದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಇಂತಹ ಸಂಸ್ಥೆಗಳು ದೂರು ಸ್ವೀಕರಿಸುವ ಅಧಿಕಾರಿಯನ್ನು ನೇಮಿಸಬೇಕೆಂದು ವಿಧಿಸಿವೆ. ದೊಡ್ಡ ಜಾಲತಾಣಗಳು ನಿಯಮೋಲ್ಲಂಘನೆಯ ಕಾರಣದಿಂದ ತಾವಾಗಿಯೇ ಬರಹವನ್ನು ತೆಗೆದರೆ ಅದರ ಕಾರಣವನ್ನು ತಿಳಿಸಿ, ಪ್ರಶ್ನಿಸಲು ಅವಕಾಶ ಕೊಡಬೇಕೆಂದೂ ಹೇಳಿವೆ. ಅಧಿಕಾರಿಯ ನಿರ್ಣಯ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು 2023ರಲ್ಲಿ ಕುಂದುಕೊರತೆ ಮೇಲ್ಮನವಿ ಸಮಿತಿಗಳು ರಚನೆಯಾದವು. ಇಳಕಲ್ಲಿನ ಆ ಮಗಳಂಥವರಿಗೆ ಇದು ತಿಳಿದಿದ್ದರೆ ಬಾಗಿಲೊಂದು ತೆರೆಯುತ್ತದೆ. ಇಂತಹ ವಿಷಯಗಳನ್ನು ತಿಳಿದ ತರುಣರು ತಮ್ಮ ಊರಿನ ಕುಶಲಕರ್ಮಿಗಳಿಗೆ ಒಂದು ಅರ್ಜಿ ಬರೆದುಕೊಡುವುದೂ ದಾನವೇ.

ಆದರೆ ಕಾನೂನು ಬರುವುದು ತಪ್ಪಾದ ಮೇಲೆ. ತಪ್ಪಾಗುವ ಮುನ್ನ ಸಮುದಾಯ ತನ್ನೊಳಗೆ ಮಾಡಬೇಕಾದುದು ಬೇರೆಯಿದೆ. ನಿಯಮಗಳು ಸದಸ್ಯರ ಭಾಷೆಯಲ್ಲಿರಲಿ. ತನಗೆ, ತನ್ನ ಬಂಧುವಿಗೆ, ತನ್ನ ಪ್ರತಿಸ್ಪರ್ಧಿಗೆ ಸಂಬಂಧಿಸಿದ ದೂರಿನಲ್ಲಿ ಮಾಡರೇಟರು ತೀರ್ಪು ಕೊಡದೆ ಹಿಂದೆ ಸರಿಯಲಿ. ತೆಗೆದುಹಾಕಿದವರಿಂದಲೇ ಮೇಲ್ಮನವಿಯ ವಿಚಾರಣೆ ಆಗದಿರಲಿ. ಒಂದೇ ಹೊತ್ತಿಗೆ ರಾಶಿ ಬಿದ್ದ ದೂರುಗಳನ್ನು ಸಂಖ್ಯೆಯಿಂದ ಅಳೆಯದೆ ಸಾಕ್ಷ್ಯದಿಂದ ಅಳೆಯಲಿ. ನಿಯಮನದ ಕೆಲಸಕ್ಕೆ ಸಂಭಾವನೆ ಕೊಡುವುದಾದರೆ ವೆಚ್ಚವಾದ ವೇಳೆಗೆ, ತೋರಿದ ಶ್ರದ್ಧೆಗೆ ಕೊಡಲಿ. ಎಷ್ಟು ಬರಹ ತೆಗೆದರೆಂಬ ಲೆಕ್ಕಕ್ಕೆ ಕೊಟ್ಟರೆ ತಪ್ಪಿಲ್ಲದಲ್ಲಿಯೂ ತಪ್ಪು ಹುಟ್ಟಿಕೊಳ್ಳುತ್ತದೆ. ತೀರ್ಪು ತಪ್ಪೆಂದು ತಿಳಿದಾಗ ಬರಹವನ್ನು ಮರಳಿ ನಿಲ್ಲಿಸಿದರೆ ಸಾಲದು. ನಿಂತುಹೋದ ಹಣವನ್ನೂ ಹೋದ ಹೆಸರನ್ನೂ ಹಿಂದಿರುಗಿಸುವ ದಾರಿ ಇರಲಿ. ಸಹನೆಯಿಂದ, ಹೆಸರಿಗಾಸೆಪಡದೆ ಈ ಕೆಲಸ ಮಾಡುವವರನ್ನು ಸಮುದಾಯ ಗುರುತಿಸಿ ಗೌರವಿಸಲಿ. ಬೈಗುಳವನ್ನಷ್ಟೇ ಉಣ್ಣುವ ಸ್ಥಾನದಲ್ಲಿ ಒಳ್ಳೆಯವರು ಬಹುಕಾಲ ನಿಲ್ಲುವುದಿಲ್ಲ.

ಐಹೊಳೆಯ ಮೇಗುಟಿಯ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿ ಕೆತ್ತಿಸಿದ ಶಕ 556ರ, ಎಂದರೆ ಕ್ರಿ.ಶ. 634ರ, ಪ್ರಶಸ್ತಿಯಿದೆ. ಇಮ್ಮಡಿ ಪುಲಕೇಶಿಯನ್ನು ಹೊಗಳಿದ ಕವಿ ತನ್ನ ಕವಿತ್ವವನ್ನು ಕಾಳಿದಾಸ ಭಾರವಿಯರಿಗೆ ಸಮನೆಂದು ಹೇಳಿಕೊಂಡ. ಅದು ಅವನು ತನಗೆ ತಾನೇ ಹಾಕಿಕೊಂಡ ಮತ. ಅದಕ್ಕಾಗಿ ಯಾರೂ ಆ ಕಲ್ಲನ್ನು ಒಡೆಯಲಿಲ್ಲ. ಓದುಗರು ಶತಮಾನಗಳ ಕಾಲ ಅದನ್ನು ತೂಗಿದರು. ಕಾವ್ಯದ ಮಟ್ಟಿಗೆ ಅವನ ಮಾತನ್ನು ಎಷ್ಟು ಒಪ್ಪಬೇಕೋ ಅಷ್ಟು ಒಪ್ಪಿದರು. ಚಾಳುಕ್ಯರ ಚರಿತ್ರೆಗೂ ಆ ಇಬ್ಬರು ಮಹಾಕವಿಗಳ ಕಾಲನಿರ್ಣಯಕ್ಕೂ ಅದೇ ಕಲ್ಲು ಆಧಾರವಾಯಿತು. ಅತಿಶಯೋಕ್ತಿಯೆಂಬ ಒಂದೇ ಕಾರಣಕ್ಕೆ ಅಂದು ಅಳಿಸಿದ್ದರೆ ನಷ್ಟವಾಗುತ್ತಿದ್ದುದು ಯಾರಿಗೆ?

ಇಂದು ಬಾಗಲಕೋಟೆಯ ಕಾಲೇಜು ಹುಡುಗನ ಕೈಯಲ್ಲಿಯೂ ಹುನಗುಂದದ ಗೃಹಿಣಿಯ ಕೈಯಲ್ಲಿಯೂ ತೂಗುವ ಅಧಿಕಾರವಿದೆ. ಸಂಘದ ಸಭೆಗೆ ಹೋಗಬೇಕಾಗಿಲ್ಲ, ಕಲ್ಲು ಕೆತ್ತಿಸಬೇಕಾಗಿಲ್ಲ. ಒಂದು ಒತ್ತು ಸಾಕು. ದೂರಿನ ಗುಂಡಿಯನ್ನು ಒತ್ತುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲು ಅರ್ಧ ನಿಮಿಷ ಬೇಕಾಗುತ್ತದೆ: ಇದು ತಪ್ಪೋ, ತನಗೆ ಹಿಡಿಸದ್ದೋ? ಇದೇ ಮಾತನ್ನು ತನ್ನವರು ಆಡಿದ್ದರೆ ದೂರು ಕೊಡುತ್ತಿದ್ದುದುಂಟೇ? ಇದು ಅಳಿದರೆ ತನಗೇನಾದರೂ ಲಾಭವಿದೆಯೇ? ಮೂರನೆಯ ಪ್ರಶ್ನೆಗೆ ಉತ್ತರ ಹೌದೆಂದು ಬಂದವರು ತಕ್ಕಡಿಯನ್ನು ಇನ್ನೊಬ್ಬರ ಕೈಗೆ ಕೊಡುವುದು ಲೇಸು.